ಬಾಲಂಗೋಚಿಯ ಪ್ರಶ್ನೆ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಪಾಣೆಮಂಗಳೂರಿನ ಬಳಿ ನೇತ್ರಾವತಿಯನ್ನು ದಾಟಿ ತುಸು ಮುಂದೆ ಬಂದರೆ ಮೆಲ್ಕಾರ್ ಸಿಗುತ್ತದೆ. ಮುಡಿಪಿನ ಕಡೆಯ ರಸ್ತೆ ಕವಲೊಡೆಯುವುದು ಇಲ್ಲಿಯೇ. ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ ನಾನು ಇಲ್ಲಿಯ ನಮ್ಮ ಹಳೆಯ ಮನೆಯಲ್ಲಿ ನೆಲೆಸಿದ್ದೇನೆ. ಕಳೆದ ಮಳೆಗಾಲದಲ್ಲಿ ತಂಗಿಯ ಮಗ ರಜೆಗೆಂದು ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ. ಜಗಲಿಯಲ್ಲಿ ಕುಳಿತು ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು ಏನನ್ನೋ ಟೈಪು ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ಗೊಣಗಿದ: "ಇದೆಂಥದು ಮಾವ? ಇಷ್ಟು ಸಣ್ಣ ಕೆಲಸಕ್ಕೆ ಮೂರು ಆಜ್ಞೆ ಬರೆಯಬೇಕು. ಒಂದರಲ್ಲೇ ಆಗುವ ಹಾಗೆ ಒಂದು ಆಪ್ಷನ್ ಇಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು?"

ಪ್ರಶ್ನೆ ಸಣ್ಣದು, ಆದರೆ ಅದರ ಹಿಂದೆ ಅರ್ಧ ಶತಮಾನಕ್ಕೂ ಮಿಕ್ಕಿದ ಚರಿತ್ರೆಯಿದೆ. ಬಲ್ಲವರು ಇದಕ್ಕಾಗಿ ಜಗಳವಾಡಿದ್ದಾರೆ. ಬಲ್ಲದ ನಾನು ಇದರಿಂದ ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ. ಆ ಅಧಿಕಾರದಿಂದಲೇ ಈ ನಾಲ್ಕು ಮಾತು.

ಇಂಥದೇ ವಾದವನ್ನು ನಾನು ಮೊದಲು ಕೇಳಿದ್ದು ನಮ್ಮ ಅಡಿಗೆಮನೆಯಲ್ಲಿ. ಅಜ್ಜಿಯ ಕಾಲದ ಮೆಟ್ಟುಕತ್ತಿಗೆ ಇದ್ದದ್ದು ಬರಿಯ ಅಲಗು. ತೆಂಗಿನಕಾಯಿ ತುರಿಯಲು ಹೆರೆಮಣೆ ಬೇರೆ ಇತ್ತು. ಅಮ್ಮ ಸಂತೆಯಿಂದ ಹೊಸತೊಂದನ್ನು ತಂದರು. ಅದರ ಅಲಗಿನ ತುದಿಗೇ ತುರಿಯುವ ಹಲ್ಲುಗಳನ್ನು ಬೆಸೆದಿದ್ದರು. ಕುಳಿತಲ್ಲಿಂದ ಏಳದೆ ತರಕಾರಿ ಹೆಚ್ಚಿ, ಕಾಯಿಯನ್ನೂ ತುರಿದು ಮುಗಿಸಬಹುದು. ಅಜ್ಜಿ ಅದನ್ನು ಒಮ್ಮೆ ನೋಡಿ, "ಹಲ್ಲು ಮೊಂಡಾದ ದಿನ ಕತ್ತಿಯೂ ಆಚಾರಿಯ ಮನೆಗೆ ಹೋಗುತ್ತದಲ್ಲ, ಆ ದಿನ ಬೆಂಡೆಕಾಯಿ ಹೆಚ್ಚುವುದು ಯಾವುದರಲ್ಲಿ?" ಎಂದು ಕೇಳಿದರು. ಅಮ್ಮ ಉತ್ತರ ಹೇಳಲಿಲ್ಲ. ಆದರೆ ಕತ್ತಿಯನ್ನು ಹಿಂದಕ್ಕೆ ಕೊಡಲೂ ಇಲ್ಲ.

ಇನ್ನು ಹುಡುಗನ ವಿಷಯಕ್ಕೆ ಬರೋಣ. ಇಂದು ನಾವೆಲ್ಲ ಚಿತ್ರಗಳನ್ನು ಬೆರಳಿನಿಂದ ಮುಟ್ಟಿ ಯಂತ್ರದಿಂದ ಕೆಲಸ ಮಾಡಿಸುತ್ತೇವೆ. ಇದಕ್ಕಿಂತ ಹಳೆಯದಾದ, ಈಗಲೂ ಬಲ್ಲವರು ಬಿಡದ ಇನ್ನೊಂದು ಕ್ರಮವಿದೆ. ಕಪ್ಪು ತೆರೆಯ ಮೇಲೆ ಒಂದು ಸಾಲು ಆಜ್ಞೆ ಬರೆಯುವುದು, ಯಂತ್ರ ಅದನ್ನು ನಡೆಸಿ ಉತ್ತರ ಬರೆಯುವುದು. ಆಜ್ಞೆಯ ಮೊದಲ ಪದ ಸಲಕರಣೆಯ ಹೆಸರು. ಅದರ ಹಿಂದೆಯೇ ಒಂದು ಅಡ್ಡಗೀಟು ಎಳೆದು ಒಂದು ಅಕ್ಷರ ಬರೆದರೆ ಅದೇ ಸಲಕರಣೆ ತುಸು ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ. ಇಂಜಿನಿಯರರು ಅದನ್ನು ಆಪ್ಷನ್ ಎನ್ನುತ್ತಾರೆ. ನಾನು ಬಾಲಂಗೋಚಿ ಎನ್ನುತ್ತೇನೆ. ಗಾಳಿಪಟಕ್ಕೆ ಬಾಲಂಗೋಚಿ ಇಲ್ಲದಿದ್ದರೆ ಅದು ಗಿರಕಿ ಹೊಡೆಯುತ್ತದೆ. ಉದ್ದವಾದರೆ ಮೇಲೇರುವುದೇ ಇಲ್ಲ. ಎಷ್ಟುದ್ದ ಇರಬೇಕೆಂಬುದೇ ಪ್ರಶ್ನೆ.

ಈ ಸಲಕರಣೆಗಳ ತವರು ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್ ಎಂಬಲ್ಲಿದ್ದ ಬೆಲ್ ಪ್ರಯೋಗಾಲಯ. 1969ರಲ್ಲಿ ಆ ಸಂಸ್ಥೆ ಮಲ್ಟಿಕ್ಸ್ ಎಂಬ ಭಾರಿ ಯೋಜನೆಯಿಂದ ಹಿಂದೆ ಸರಿಯಿತು. ಆ ಯೋಜನೆಯಲ್ಲಿ ದುಡಿದಿದ್ದ ಕೆನ್ ಥಾಮ್ಸನ್, ಮೂಲೆಗೆ ಬಿದ್ದಿದ್ದ ಪಿಡಿಪಿ-7 ಎಂಬ ಚಿಕ್ಕ ಯಂತ್ರದ ಮೇಲೆ ತನ್ನದೇ ಒಂದು ಪುಟ್ಟ ವ್ಯವಸ್ಥೆಯನ್ನು ಕಟ್ಟಿದ. ಡೆನ್ನಿಸ್ ರಿಚಿ ಜೊತೆಗೂಡಿದ. ಯೂನಿಕ್ಸ್ ಹುಟ್ಟಿದ್ದು ಹೀಗೆ. ಯಂತ್ರದಲ್ಲಿ ಜಾಗ ಕಡಮೆ. ಮಾತನಾಡಲು ಇದ್ದ ಟೆಲಿಟೈಪು ಒಂದು ಸೆಕೆಂಡಿಗೆ ಹತ್ತು ಅಕ್ಷರ ಮಾತ್ರ ಅಚ್ಚು ಮಾಡುತ್ತಿತ್ತು. ಇಂಥ ಬಡತನದಲ್ಲಿ ಹೆಸರುಗಳೂ ಗಿಡ್ಡವಾದವು, ಸಲಕರಣೆಗಳೂ ಮಿತಭಾಷಿಗಳಾದವು. ಕಡತಗಳನ್ನು ಒಂದರ ಹಿಂದೊಂದು ಜೋಡಿಸಿ ತೋರಿಸುವ ಸಲಕರಣೆಯ ಹೆಸರು 'ಕ್ಯಾಟ್'. ಸರಪಣಿಯಂತೆ ಜೋಡಿಸು ಎಂಬರ್ಥದ ಇಂಗ್ಲಿಷ್ ಪದದ ಮೊಟಕು ರೂಪವಿದು. ಬೆಕ್ಕಿಗೂ ಇದಕ್ಕೂ ಸಂಬಂಧವಿಲ್ಲ.

ಬಡತನದಲ್ಲಿ ಕಲಿತದ್ದು ತತ್ತ್ವವಾಗಿ ಗಟ್ಟಿಗೊಂಡದ್ದು 1973ರಲ್ಲಿ. ಅದೇ ಪ್ರಯೋಗಾಲಯದ ಡಗ್ಲಸ್ ಮೆಕಿಲ್ರಾಯ್ 1964ರಿಂದಲೂ ಒಂದು ಮಾತನ್ನು ಹೇಳುತ್ತ ಬಂದಿದ್ದ. ತೋಟದಲ್ಲಿ ನೀರಿನ ಕೊಳವೆಗೆ ಇನ್ನೊಂದು ತುಂಡನ್ನು ತಿರುಗಿಸಿ ಸೇರಿಸುವಂತೆ ಒಂದು ಪ್ರೋಗ್ರಾಮಿಗೆ ಇನ್ನೊಂದನ್ನು ಸೇರಿಸಲು ಬರಬೇಕು ಎಂಬುದೇ ಆ ಮಾತು. ಕೊನೆಗೆ ಥಾಮ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಮಾಡಿ ಮುಗಿಸಿದ. ಅಂದಿನಿಂದ ಎರಡು ಆಜ್ಞೆಗಳ ನಡುವೆ ಒಂದು ನಿಲುಗೀಟು ಎಳೆದರೆ ಮೊದಲನೆಯದರ ಉತ್ಪನ್ನ ಎರಡನೆಯದಕ್ಕೆ ಕಚ್ಚಾ ಸಾಮಗ್ರಿಯಾಗಿ ಹರಿಯತೊಡಗಿತು. ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ದಂಬೆ ಇಟ್ಟು ನೀರು ಹಾಯಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೊಂದು ಸಲಕರಣೆ ಒಂದೊಂದೇ ಕೆಲಸವನ್ನು ಚೆನ್ನಾಗಿ ಮಾಡಲಿ. ಹೊಸ ಕೆಲಸ ಬಂದರೆ ಹಳೆಯದಕ್ಕೆ ತೇಪೆ ಹಾಕದೆ ಹೊಸತನ್ನೇ ಕಟ್ಟಲಿ ಎಂಬ ಅರ್ಥದ ಸೂತ್ರಗಳನ್ನು ಮೆಕಿಲ್ರಾಯ್ ಮತ್ತು ಸಂಗಡಿಗರು 1978ರಲ್ಲಿ ಬೆಲ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಸೂತ್ರ ಬರೆದವರ ಮಸಿ ಒಣಗುವ ಮೊದಲೇ ಬಾಲಂಗೋಚಿಗಳು ಬೆಳೆಯತೊಡಗಿದವು. ಯೂನಿಕ್ಸ್ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿಯ ವಿದ್ಯಾರ್ಥಿಗಳ ಕೈಯಲ್ಲಿ ಮೈತುಂಬಿಕೊಂಡಿತು. ಬಡ ಟೆಲಿಟೈಪಿನ ಜಾಗದಲ್ಲಿ ಗಾಜಿನ ತೆರೆಯೂ, ಪುಟ್ಟ ಯಂತ್ರದ ಜಾಗದಲ್ಲಿ ದೊಡ್ಡದೂ ಬಂದಿದ್ದವು. ಅಲ್ಲಿಯ ಕ್ಯಾಟ್ ಕಡತಗಳನ್ನು ಜೋಡಿಸುವುದಲ್ಲದೆ ಸಾಲುಗಳಿಗೆ ಸಂಖ್ಯೆ ಹಾಕಲು, ಒಂದರ ಕೆಳಗೊಂದು ಬಂದ ಖಾಲಿ ಸಾಲುಗಳನ್ನು ಒಂದಾಗಿಸಲು, ಕಣ್ಣಿಗೆ ಕಾಣದ ಸಂಕೇತಗಳನ್ನು ಕಾಣುವಂತೆ ಮಾಡಲು ಕಲಿಯಿತು. ಈ ಕಡೆಯದೇ 'ಅಡ್ಡಗೀಟು ವಿ'. ಇದರ ಮೇಲೆ ಬೆಲ್ ಪ್ರಯೋಗಾಲಯದ ರಾಬ್ ಪೈಕ್ ಹರಿಹಾಯ್ದ. 1983ರ ಬೇಸಗೆಯಲ್ಲಿ ಟೊರಾಂಟೊದಲ್ಲಿ ನಡೆದ ಯೂನಿಕ್ಸ್ ಬಳಕೆದಾರರ ಸಮ್ಮೇಳನದಲ್ಲಿ ಅವನು ಮಾಡಿದ ಭಾಷಣದ ಶೀರ್ಷಿಕೆಯೇ ಈ ಬಾಲಂಗೋಚಿ ಅಪಾಯಕಾರಿ ಎಂದು ಸಾರುತ್ತಿತ್ತು. ಮರುವರ್ಷ ಬ್ರಯಾನ್ ಕರ್ನಿಗನ್ ಜೊತೆ ಸೇರಿ ಅದನ್ನೇ ಪ್ರಬಂಧವಾಗಿ ಬರೆದ. ಅವರ ವಾದ ಸರಳ. ಜೋಡಿಸುವುದು ಒಂದು ಕೆಲಸ, ಕಾಣದ್ದನ್ನು ಕಾಣಿಸುವುದು ಇನ್ನೊಂದು. ಎರಡನೆಯದಕ್ಕೆ ಬೇರೆಯೇ ಸಲಕರಣೆ ಇರಲಿ. ಹಾಗಿದ್ದರೆ ಕ್ಯಾಟ್‌ನಿಂದ ಬಂದದ್ದಕ್ಕೆ ಮಾತ್ರವಲ್ಲ, ಯಾವ ಪ್ರೋಗ್ರಾಮಿನಿಂದ ಬಂದದ್ದಕ್ಕೂ ಅದನ್ನು ಜೋಡಿಸಬಹುದು.

ಓದಿದಾಗ ತಲೆದೂಗಬೇಕೆನಿಸುತ್ತದೆ. ಆದರೆ ನಾನು ಈ ಪ್ರಬಂಧವನ್ನು ಓದುವ ಮೊದಲೇ 'ಅಡ್ಡಗೀಟು ವಿ'ಗೆ ಋಣಿಯಾಗಿದ್ದೆ.

ನಮ್ಮ ಬ್ಯಾಂಕುಗಳಿಗೆ ಯಂತ್ರ ಬಂದದ್ದು ಆ ದಶಕದಲ್ಲಿ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯಲ್ಲಿ ರಿಸರ್ವ್ ಬ್ಯಾಂಕು ನೇಮಿಸಿದ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ಅವರದೇ ಎರಡನೆಯ ಸಮಿತಿಯ ವರದಿ 1989ರಲ್ಲಿ ಬಂತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಎಂದು ಐದು ಬ್ಯಾಂಕುಗಳನ್ನು ಹೆತ್ತ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಬ್ಯಾಂಕಿನ ಸುದ್ದಿ ಮನೆಯ ಸುದ್ದಿಯಷ್ಟೇ ಆಪ್ತ. ಯಂತ್ರ ಬಂದರೆ ನೌಕರಿ ಹೋಗುತ್ತದೆಂಬ ಭಯವೂ ಅಷ್ಟೇ ಮನೆಮಾತಾಗಿತ್ತು. ನಾನಿದ್ದ ಬ್ಯಾಂಕಿನ ಹೆಸರು ಬೇಡ, ತಪ್ಪುಗಳೆಲ್ಲ ನನ್ನವು. ಲೆಡ್ಜರು ಬರೆದು ಕೈ ಪಳಗಿದ್ದ ನನ್ನನ್ನು ಕೆಲವು ವಾರಗಳ ತರಬೇತಿಗೆ ಕಳುಹಿಸಿ, ಹಿಂದೆ ಬಂದ ಕೂಡಲೇ ಯೂನಿಕ್ಸ್ ಯಂತ್ರದ ಮುಂದೆ ಕೂರಿಸಿದರು.

ಒಂದು ಸಂಜೆ ದಿನದ ಲೆಕ್ಕ ತಾಳೆಯಾಗಲಿಲ್ಲ. ಕಡತವನ್ನು ತೆರೆಯ ಮೇಲೆ ತರಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಪಕ್ಕದ ಶಾಖೆಯಿಂದ ಬಂದ ಸಹೋದ್ಯೋಗಿಯೊಬ್ಬರು ಕ್ಯಾಟ್ ಎಂದು ಬರೆದು, ಅದರ ಮುಂದೆ ಅಡ್ಡಗೀಟು ಎಳೆದು 'ವಿ' ಎಂದು ಒತ್ತಿದರು. ಒಂದು ಖಾತೆಯ ಅಂಕಿಗಳ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕುಳಿತಿದ್ದದ್ದು ಥಟ್ಟನೆ ಎದ್ದು ಕಂಡಿತು. ಅದನ್ನು ಅಳಿಸಿದೊಡನೆ ಲೆಕ್ಕ ಕೂಡಿತು. ಆ ಯಂತ್ರದಲ್ಲಿ ಪೈಕ್ ಬಯಸಿದ ಪ್ರತ್ಯೇಕ ಸಲಕರಣೆ ಇರಲಿಲ್ಲ. ಇಲ್ಲದ ಶುದ್ಧ ಸಲಕರಣೆಗಿಂತ ಕೈಯಲ್ಲಿರುವ ಅಶುದ್ಧ ಬಾಲಂಗೋಚಿ ಮೇಲೆಂದು ಅಂದು ನಾನು ತೀರ್ಮಾನಿಸಿದೆ.

ಆ ತೀರ್ಮಾನ ಹೆಚ್ಚು ಕಾಲ ಉಳಿಯಲಿಲ್ಲ. 'ಎಕೋ' ಎಂಬ ಸಲಕರಣೆ ಹೆಸರಿಗೆ ತಕ್ಕಂತೆ ನಾವು ಹೇಳಿದ್ದನ್ನೇ ಮತ್ತೆ ಹೇಳಿ ಹೊಸ ಸಾಲಿಗೆ ಹೋಗುತ್ತದೆ. ಹೊಸ ಸಾಲಿಗೆ ಹೋಗಬೇಡ ಎನ್ನಲು ಅದಕ್ಕೊಂದು ಬಾಲಂಗೋಚಿ ಇತ್ತು: 'ಅಡ್ಡಗೀಟು ಎನ್'. ಖಾತೆಯ ಸಂಖ್ಯೆ, ಹೆಸರು, ಮೊತ್ತ ಇವನ್ನು ತುಂಡು ತುಂಡಾಗಿ ಒಂದೇ ಸಾಲಿನಲ್ಲಿ ಬರೆಯಿಸಲು ನಾನು ಅದನ್ನು ಧಾರಾಳವಾಗಿ ಬಳಸಿ ಒಂದು ಪುಟ್ಟ ಲಿಪಿ ಬರೆದಿದ್ದೆ. ಲಿಪಿಯೆಂದರೆ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತ. ತರುವಾಯ ಶಾಖೆಗೆ ಬೇರೆ ತಯಾರಕರ ಯಂತ್ರ ಬಂತು. ಅದೂ ಯೂನಿಕ್ಸ್, ಅದರಲ್ಲೂ ಎಕೋ ಇತ್ತು. ಆದರೆ ಈ ಎಕೋ ಬೇರೆ ವಂಶದ್ದು. ಬೆಲ್ ಸಂಸ್ಥೆಯ ಮಾತೃಸಂಸ್ಥೆ ಮಾರುತ್ತಿದ್ದ ಸಿಸ್ಟಂ ಫೈವ್ ಎಂಬ ವಂಶದಲ್ಲಿ ಅದೇ ಸೌಕರ್ಯಕ್ಕೆ ಬೇರೆ ಸಂಕೇತವನ್ನು ಗೊತ್ತುಮಾಡಿದ್ದರು. 'ಅಡ್ಡಗೀಟು ಎನ್' ಎಂದರೆ ಅದಕ್ಕೆ ಆಜ್ಞೆಯಲ್ಲ, ಮತ್ತೆ ಹೇಳಬೇಕಾದ ಮಾತು. ಮಾರ್ಚ್ ತಿಂಗಳ ಕೊನೆ, ವರ್ಷದ ಲೆಕ್ಕ ಮುಗಿಸುವ ರಾತ್ರಿ. ನನ್ನ ಲಿಪಿ ಬರೆದ ಕಡತದಲ್ಲಿ ಪ್ರತಿಯೊಂದು ಖಾತೆಯೂ ಮೂರು ಸಾಲುಗಳಾಗಿ ಒಡೆದು, ಒಂದೊಂದು ಸಾಲಿನ ತಲೆಯ ಮೇಲೂ ಅಡ್ಡಗೀಟು, ಎನ್ ಅಕ್ಷರ ವಿಭೂತಿಯಂತೆ ರಾರಾಜಿಸುತ್ತಿದ್ದವು. ನಾವು ನಾಲ್ಕು ಮಂದಿ ಹಳೆಯ ಲೆಡ್ಜರುಗಳನ್ನು ಕೆಳಗಿಳಿಸಿ, ಧೂಳು ಕೊಡವಿ, ಬೆಳಗಿನ ತನಕ ಕೈಲೆಕ್ಕ ಮಾಡಿದೆವು.

ಎಕೋವಿನ ಈ ತಂಟೆ ನನ್ನೊಬ್ಬನದಲ್ಲ. ಏನನ್ನೂ ಹೇಳದೆ ಎಕೋವನ್ನು ಕರೆದರೆ ಅದು ಸುಮ್ಮನಿರಬೇಕೋ ಖಾಲಿ ಸಾಲನ್ನು ಕೊಡಬೇಕೋ ಎಂಬ ಬಗ್ಗೆ ಮೆಕಿಲ್ರಾಯ್ ಒಂದು ಪುಟ್ಟ ನೀತಿಕಥೆಯನ್ನೇ ಬರೆದಿದ್ದಾನೆ. 1992ರಲ್ಲಿ ಯೂನಿಕ್ಸ್ ವಂಶಗಳಿಗೆಲ್ಲ ಸಮಾನವಾದ ಪಾಸಿಕ್ಸ್ ಮಾನದಂಡವನ್ನು ಈ ಸಲಕರಣೆಗಳಿಗೆ ವಿಧಿಸಿದಾಗ ಎಕೋವನ್ನು ತಿದ್ದಲು ಯಾರಿಂದಲೂ ಆಗಲಿಲ್ಲ. ಎರಡೂ ಕಡೆಯ ಬಾಲಂಗೋಚಿಗಳ ಮೇಲೆ ಅಷ್ಟೊಂದು ಲಿಪಿಗಳು ತೂಗುಬಿದ್ದಿದ್ದವು. ಕೊನೆಗೆ ಅದರ ವರ್ತನೆಯನ್ನು ಆಯಾ ಯಂತ್ರಕ್ಕೆ ಬಿಟ್ಟು, 'ಪ್ರಿಂಟ್‌ಎಫ್' ಎಂಬ ಬೇರೆ ಸಲಕರಣೆಯನ್ನು ಸೇರಿಸಿದರು. ಒಂದಕ್ಷರದ ಸೌಕರ್ಯ ಕೊಡುವಾಗ ಸುಲಭ, ಹಿಂದೆ ಪಡೆಯುವಾಗ ಅಸಾಧ್ಯ. ಬಾಲಂಗೋಚಿಯ ನಿಜವಾದ ಬೆಲೆ ಇದು.

ಹಾಗಾದರೆ ಬಾಲಂಗೋಚಿಗಳನ್ನೆಲ್ಲ ಕತ್ತರಿಸಿಬಿಡೋಣವೆ? ಆ ಉತ್ಸಾಹದಲ್ಲಿದ್ದಾಗಲೇ ನನಗೆ ಎರಡನೆಯ ಪೆಟ್ಟು ಬಿತ್ತು. ಖಾತೆಗಳ ಕಡತವನ್ನು ಕ್ರಮವಾಗಿ ಜೋಡಿಸಲು 'ಸಾರ್ಟ್' ಎಂಬ ಸಲಕರಣೆಯಿದೆ. ಅದರ ಉತ್ತರವನ್ನು ಅದೇ ಕಡತಕ್ಕೆ ಹಿಂದಿರುಗಿಸುವಂತೆ ನಾನು ಆಜ್ಞೆ ಬರೆದೆ. ಕ್ಷಣದಲ್ಲಿ ಕೆಲಸ ಮುಗಿಯಿತು. ನೋಡಿದರೆ ಕಡತ ಬರಿದೋ ಬರಿದು. ಆದದ್ದೇನೆಂದರೆ, ಸಾರ್ಟ್ ಕೆಲಸ ಆರಂಭಿಸುವ ಮೊದಲೇ, ಉತ್ತರ ಬರೆಯಲು ಜಾಗ ಸಿದ್ಧವಾಗಬೇಕೆಂದು ಯಂತ್ರ ಆ ಕಡತವನ್ನು ಒರೆಸಿಹಾಕಿತ್ತು. ಎಲೆ ಹಾಕುವ ಅವಸರದಲ್ಲಿ ಅನ್ನದ ಪಾತ್ರೆಯನ್ನೇ ತೊಳೆದಂತಾಯಿತು. ಆ ದಿನದ ಚೀಟಿಗಳನ್ನೆಲ್ಲ ಮತ್ತೆ ಟೈಪು ಮಾಡುವಾಗ ರಾತ್ರಿ ಹನ್ನೊಂದು ಕಳೆದಿತ್ತು. ಮರುದಿನ ಕೈಪಿಡಿ ತೆರೆದರೆ ಸಾರ್ಟ್‌ಗೆ 'ಅಡ್ಡಗೀಟು ಓ' ಎಂಬ ಬಾಲಂಗೋಚಿ ಇದೆ. ಎಲ್ಲವನ್ನೂ ಓದಿ ಮುಗಿಸಿದ ಮೇಲೆಯೇ ಅದೇ ಕಡತಕ್ಕೆ ಬರೆಯುವುದು ಅದರ ಕೆಲಸ. ಓದಿ ಮುಗಿಯಿತೆಂಬುದು ಸಾರ್ಟ್‌ಗೆ ಮಾತ್ರ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಅಂದಮೇಲೆ ಆ ಸೌಕರ್ಯ ಸಾರ್ಟ್‌ನ ಒಳಗೇ ಇರಬೇಕು.

ಈ ಪ್ರಶ್ನೆಗೆ ಒಂದು ಒರೆಗಲ್ಲು ಇದೆಯೆಂದು ನನಗೆ ಹೊಳೆದದ್ದು ಆಗ. ಅದು ಸರಿಯೆಂದು ಮನವರಿಕೆಯಾದದ್ದು 1986ರ ಒಂದು ಪ್ರಸಂಗವನ್ನು ಓದಿದಾಗ. ಜಾನ್ ಬೆಂಟ್ಲಿ ಎಂಬವರು ತಮ್ಮ ಅಂಕಣದಲ್ಲಿ ಒಂದು ಸಮಸ್ಯೆ ಒಡ್ಡಿದ್ದರು: ಒಂದು ಬರಹದಲ್ಲಿ ಅತಿ ಹೆಚ್ಚು ಸಲ ಬರುವ ಪದಗಳನ್ನು, ಅವು ಬಂದ ಎಣಿಕೆಯೊಂದಿಗೆ, ಇಳಿಕೆಯ ಕ್ರಮದಲ್ಲಿ ಪಟ್ಟಿ ಮಾಡಬೇಕು. ಗಣಕಶಾಸ್ತ್ರದ ಭೀಷ್ಮ ಡೊನಾಲ್ಡ್ ಕ್ನೂತ್ ಅದಕ್ಕೆ ವಿವರಣೆ ಸಹಿತವಾಗಿ ಹಲವು ಪುಟಗಳ ಪ್ರೋಗ್ರಾಮು ಬರೆದುಕೊಟ್ಟರು. ವಿಮರ್ಶೆ ಬರೆಯಲು ಕುಳಿತವನು ಮೆಕಿಲ್ರಾಯ್. ಅವನು ಕ್ನೂತರ ಕುಶಲತೆಯನ್ನು ಹೊಗಳಿ, ಹಳೆಯ ಸಲಕರಣೆಗಳನ್ನು ಕೊಳವೆಗಳಿಂದ ಜೋಡಿಸಿ ಆರೇ ಸಾಲಿನಲ್ಲಿ ಅದೇ ಕೆಲಸ ಮಾಡಿ ತೋರಿಸಿದ. ಕ್ನೂತರಿಗೆ ಇದರಿಂದ ಅನ್ಯಾಯವಾಗಬಾರದು. ಓದುವಂತೆ ಪ್ರೋಗ್ರಾಮು ಬರೆಯುವ ತಮ್ಮ ಕ್ರಮಕ್ಕೆ ಮಾದರಿ ತೋರಿಸಿ ಎಂದೇ ಅವರನ್ನು ಕೇಳಿದ್ದು. ಆದರೂ ಮಿತಸಲಕರಣೆಯ ಪಕ್ಷದವರು ಈ ಆರು ಸಾಲುಗಳನ್ನು ಇಂದಿಗೂ ವಿಜಯಪತಾಕೆಯಂತೆ ಹಾರಿಸುತ್ತಾರೆ.

ಪತಾಕೆಯನ್ನು ಹತ್ತಿರದಿಂದ ನೋಡಿದರೆ ಅದರಲ್ಲೂ ಬಾಲಂಗೋಚಿಗಳಿವೆ! ಒತ್ತಿನಲ್ಲಿ ಬಂದ ಒಂದೇ ರೀತಿಯ ಸಾಲುಗಳನ್ನು ಒಂದಾಗಿಸುವ 'ಯೂನಿಕ್' ಎಂಬ ಸಲಕರಣೆಗೆ 'ಎಷ್ಟು ಸಲ ಬಂತೆಂದು ಎಣಿಸಿ ಹೇಳು' ಎಂಬ ಬಾಲಂಗೋಚಿಯನ್ನು ಮೆಕಿಲ್ರಾಯ್ ಹಚ್ಚಿದ್ದಾನೆ. ಸಾರ್ಟ್‌ಗೆ 'ಅಂಕಿಯೆಂದು ತಿಳಿದು ಜೋಡಿಸು, ದೊಡ್ಡದನ್ನು ಮೊದಲಿಡು' ಎಂಬ ಎರಡನ್ನು ಹಚ್ಚಿದ್ದಾನೆ. ಇವನ್ನು ಕಿತ್ತರೆ ಆರು ಸಾಲುಗಳು ನಿಲ್ಲುವುದಿಲ್ಲ. ಆದರೆ ಇವು ಎಂಥವು ನೋಡಿ. ಎಷ್ಟು ಸಾಲುಗಳನ್ನು ಒಂದಾಗಿಸಿದೆನೆಂಬ ತಿಳಿವು ಯೂನಿಕ್‌ನ ಒಳಗೆ ಹುಟ್ಟಿ ಒಳಗೇ ಸಾಯುತ್ತದೆ. ಅದು ತಾನಾಗಿ ಹೇಳದಿದ್ದರೆ, ಅದರ ಉತ್ತರವನ್ನು ಮಾತ್ರ ಕಂಡವನಿಗೆ ಆ ಎಣಿಕೆ ಎಂದಿಗೂ ಸಿಗದು. ಸಾಲಿಗೆ ಸಂಖ್ಯೆ ಹಾಕುವುದು ಹಾಗಲ್ಲ. ಕ್ಯಾಟ್ ಕೊಟ್ಟ ಮೇಲೆ ಯಾರು ಬೇಕಾದರೂ ಹಾಕಬಹುದು. ಹೊರಗಿನಿಂದ ಆಗುವುದನ್ನು ಒಳಗೆ ತುರುಕಬೇಡಿ. ಹೊರಗಿನಿಂದ ಆಗಲಾರದ್ದನ್ನು ಒಳಗಿಡಲು ನಾಚಬೇಡಿ. ಐವತ್ತು ವರ್ಷಗಳ ಜಗಳದಲ್ಲಿ ನನಗೆ ದಕ್ಕಿದ ಸಾರ ಇಷ್ಟು.

ಈ ಒರೆಗಲ್ಲು ಕನ್ನಡದ ಒಂದು ಸಲಕರಣೆಗೂ ಒಪ್ಪುತ್ತದೆ. ಮಂಗಳೂರಿಗೆ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ. ಪಿ. ರಾವ್ ಅವರು ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕೀಲಿಮಣೆಯ ವಿನ್ಯಾಸವೊಂದನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಉಚಿತವಾಗಿ ಹಂಚಿದರು. ಕರ್ನಾಟಕ ಸರಕಾರ ಒಪ್ಪಿಕೊಂಡ ಕೀಲಿಮಣೆಗೆ ಆಧಾರ ಅದೇ ವಿನ್ಯಾಸ. ಹಳೆಯ ಕನ್ನಡ ಬೆರಳಚ್ಚು ಯಂತ್ರದಲ್ಲಿ ಒತ್ತಕ್ಷರಗಳಿಗೆ ಬೇರೆ ಕೀಲಿಗಳಿದ್ದವು. ರಾಯರು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಕೀಲಿಗಳಲ್ಲೇ ಎಲ್ಲವನ್ನೂ ಅಡಕಮಾಡಿದರು. ಅಕ್ಕ ಎಂದು ಬರೆಯಲು ಅ, ಕ, ನಡುವೆ ಕೊಂಡಿಯ ಕೀಲಿಯಾಗಿ ಎಫ್, ಮತ್ತೆ ಕ. ಒತ್ತಕ್ಷರ ಬರೆಯುವವನ ಬೆರಳಿನಿಂದಲೇ ಕಟ್ಟಬಹುದಾದದ್ದು. ಅದಕ್ಕೆ ಬೇರೆ ಕೀಲಿ ಬೇಡ. ಆದರೆ ಇ ಎಂಬ ಕೀಲಿ ಪದದ ಮೊದಲಲ್ಲಿ ಇಕಾರದ ಅಕ್ಷರವಾಗಿಯೂ ವ್ಯಂಜನದ ಮುಂದೆ ಗುಣಿತದ ಗುಡಿಸಾಗಿಯೂ ತಾನೇ ಮೂಡುತ್ತದೆ. ಹಿಂದಿನ ಅಕ್ಷರ ಯಾವುದೆಂಬುದು ಒಳಗಿನ ತಂತ್ರಾಂಶಕ್ಕೆ ಗೊತ್ತಿರುವಾಗ ಬರೆಯುವವನನ್ನು ಎರಡೆರಡು ಕೀಲಿ ನೆನಪಿಡಲು ಹೇಳುವುದೇಕೆ? ಈ ಲೇಖನವನ್ನು ನಾನು ಬರೆದದ್ದೂ ಅದರಲ್ಲಿಯೇ.

ಇಷ್ಟಾದರೂ ಮಿತಸಲಕರಣೆಯ ಪಕ್ಷಕ್ಕೆ ನಾನು ಪೂರ್ತಿ ಮತ ಹಾಕಲಾರೆ. ಅದರ ಭಾರ ಬೀಳುವುದು ಕಲಿಯುವವನ ಮೇಲೆ. ಆರು ಸಾಲು ಬರೆಯಲು ಮೆಕಿಲ್ರಾಯ್ ಬೇಕು. ನಾನಾದರೆ ಆರು ದಿನ ಹಿಡಿಯುತ್ತಿತ್ತು. ಅಂಥ ಜೋಡಣೆಗಳನ್ನು ಒಮ್ಮೆ ಕಷ್ಟಪಟ್ಟು ಮಾಡಿ, ನನ್ನದೇ ಹೆಸರಿನ ಲಿಪಿಗಳಾಗಿ ನನ್ನ ಕಡತಕೋಶದಲ್ಲಿ ಇಟ್ಟುಕೊಂಡಿದ್ದೆ. ಸೌಕರ್ಯವೂ ಸಿಕ್ಕಿತು, ಸಲಕರಣೆಯೂ ಕೆಡಲಿಲ್ಲವೆಂದು ಹೆಮ್ಮೆಪಟ್ಟಿದ್ದೆ. ನನಗೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದವರಿಗೆ ಆ ಲಿಪಿಗಳು ಏನೆಂದೇ ತಿಳಿಯಲಿಲ್ಲ. ಮೇಲೆ ಒಂದು ಸಾಲು ವಿವರಣೆಯನ್ನೂ ನಾನು ಬರೆದಿರಲಿಲ್ಲ. ತಿಂಗಳ ಕೊನೆಯಲ್ಲಿ ಅವರು ಫೋನು ಮಾಡಿ ಕೇಳಿದ ದನಿ ಈಗಲೂ ಕಿವಿಯಲ್ಲಿದೆ. ಸಲಕರಣೆಯ ಒಳಗಿನ ಸೌಕರ್ಯಕ್ಕೆ ಕೈಪಿಡಿಯಲ್ಲಿ ಒಂದು ಸಾಲಾದರೂ ಇರುತ್ತದೆ. ನನ್ನ ಸೌಕರ್ಯ ನನ್ನೊಡನೆ ಬಸ್ಸು ಹತ್ತಿ ಹೋಗಿತ್ತು.

ಇಂದು ಈ ಜಗಳದಲ್ಲಿ ಗೆದ್ದವರು ಯಾರೆಂಬುದು ಸ್ಪಷ್ಟ. 'ಟ್ರೂ' ಎಂಬ ಸಲಕರಣೆಯ ಕೆಲಸ ಏನನ್ನೂ ಮಾಡದೆ 'ಸರಿ' ಎನ್ನುವುದು. 1979ರ ಏಳನೆಯ ಆವೃತ್ತಿಯಲ್ಲಿ ಅದೊಂದು ಖಾಲಿ ಕಡತ. ಏನೂ ಮಾಡದಿರಲು ಏನೂ ಬೇಡವಷ್ಟೆ! ಮುಂದೆ ಅದರಲ್ಲಿ ಹಕ್ಕುಸ್ವಾಮ್ಯದ ಘೋಷಣೆ ಬಂದು ಕುಳಿತಿತು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ ಗ್ನೂ ಯೋಜನೆಯಿಂದ ಬಂದ, ಇಂದಿನ ಲಿನಕ್ಸ್ ಯಂತ್ರಗಳಲ್ಲಿರುವ ಟ್ರೂ ಒಂದು ಪೂರ್ಣ ಪ್ರೋಗ್ರಾಮು. ಸಹಾಯ ಕೇಳಿದರೆ ಸಹಾಯ ಹೇಳುತ್ತದೆ, ಆವೃತ್ತಿ ಕೇಳಿದರೆ ಆವೃತ್ತಿ ಹೇಳುತ್ತದೆ. ನಗಬೇಕೆನಿಸುತ್ತದೆ, ಆದರೆ ನನ್ನ ಲಿಪಿಗಳಿಗೆ ಅಷ್ಟು ಮಾತು ಬರುತ್ತಿದ್ದರೆ ನನ್ನ ಉತ್ತರಾಧಿಕಾರಿ ಆ ಫೋನು ಮಾಡಬೇಕಾಗಿರಲಿಲ್ಲ ಎಂಬುದೂ ನೆನಪಾಗುತ್ತದೆ.

ಇದನ್ನೆಲ್ಲ ಹುಡುಗ ತಾಳ್ಮೆಯಿಂದ ಕೇಳಿದ. ಆಮೇಲೆ ತನ್ನ ಮೂರು ಆಜ್ಞೆಗಳನ್ನು ಒಂದು ಲಿಪಿಯಲ್ಲಿಟ್ಟು ಅದಕ್ಕೊಂದು ಹೆಸರು ಕೊಟ್ಟ. "ಮೇಲೆ ಇದು ಏನೆಂದು ಬರೆದಿಡು" ಎಂದೆ. "ನನಗೇ ಗೊತ್ತುಂಟಲ್ಲ ಮಾವ" ಎಂದ. ಒತ್ತಾಯಿಸಿದ ಮೇಲೆ ಎರಡು ಸಾಲು ಬರೆದ.

ಅಮ್ಮನ ಆ ಮೆಟ್ಟುಕತ್ತಿ ಈಗಲೂ ಅಟ್ಟದ ಮೇಲಿದೆ. ಹಲ್ಲುಗಳು ಸವೆದು ಎಷ್ಟೋ ವರ್ಷವಾದರೂ ಅಲಗಿಗಾಗಿ ಅಮ್ಮ ಅದನ್ನು ಕೊನೆಯ ತನಕ ಬಳಸಿದರು. ಕಾಯಿ ತುರಿಯಲು ಅಜ್ಜಿಯ ಹೆರೆಮಣೆಯನ್ನು ಮತ್ತೆ ಕೆಳಗಿಳಿಸಿದ್ದರು.